ಎರಡು ಬಟ್ಟಲು, ಎರಡು ಬಾಗಿಲು

ಬ್ಯಾರಿಗಳ ನಡುವೆ ನಾಯಿಯ ಮಾತು ಎತ್ತಿದರೆ ಮೊದಲು ಬರುವ ಪ್ರಶ್ನೆ ‘ಸಾಕಬಹುದಾ?’ ಎಂಬುದು. ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆಗೆ ಉತ್ತರ ಹೇಳಿ ನನಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಯಾರೂ ಕೇಳದ ಎರಡನೆಯ ಪ್ರಶ್ನೆ. ಒಂದೇ ಅಂಗಳದಲ್ಲಿರುವ ಎರಡು ನಾಯಿಗಳು ಒಂದನ್ನೊಂದು ಕೊಲ್ಲಲು ಹೊರಟರೆ ಏನು ಮಾಡುವುದು? ಈ ಬರಹ ಅದರ ಬಗ್ಗೆ.

ಮೊದಲ ಪ್ರಶ್ನೆಯನ್ನು ಮುಗಿಸಿಬಿಡೋಣ. ಕರಾವಳಿಯ ನಾವು ಶಾಫಿ ಮದ್ಹಬಿನವರು. ಕಾವಲಿಗೆ, ಜಾನುವಾರಿಗೆ, ಬೇಟೆಗೆ ನಾಯಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅದರ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಇದನ್ನು ಮದ್ರಸದಲ್ಲಿ ಕಲಿಯದವರು ನಮ್ಮಲ್ಲಿ ಇಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಪಾಪಗಳನ್ನು ಅಲ್ಲಾಹನು ಮನ್ನಿಸಿದ ಹದೀಸನ್ನೂ ಅದೇ ಮದ್ರಸದಲ್ಲಿ ಕಲಿತಿದ್ದೇವೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಬಹುದು. ನಮ್ಮ ನಾಯಿಗಳು ಗೋದಾಮಿನ ಅಂಗಳದಲ್ಲಿರುತ್ತವೆ, ಒಳಗೆ ಬರುವುದಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಬಕೆಟ್ ಮಣ್ಣು ಸದಾ ಇರುತ್ತದೆ.

ಗೋದಾಮು ಇರುವುದು ಅಕ್ಕಲಕೋಟೆಯಲ್ಲಿ. ಊರ ಕಡೆಯಿಂದ ತೆಂಗಿನಕಾಯಿ ತರಿಸಿ ಇಲ್ಲಿ ಮಾರುವುದು ನನ್ನ ಕಸುಬು. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ದೂರದೂರದಿಂದ ಜನ ಬರುತ್ತಾರೆ, ಗುರುವಾರವಂತೂ ಕಾಲಿಡಲು ಜಾಗವಿರುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಕಾಯಿಗೆ ಬೇಡಿಕೆ ಕಡಿಮೆಯಾಗುವುದಿಲ್ಲ. ಮನೆ ಸೊಲ್ಲಾಪುರದಲ್ಲಿ, ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಸುಮಾರು ನಲವತ್ತು ಕಿಲೋಮೀಟರ್ ದೂರ. ನಾನು ದಿನಾ ಹೋಗಿ ಬರುತ್ತೇನೆ. ರಾತ್ರಿ ಗೋದಾಮಿನಲ್ಲಿ ಇರುವುದು ಕಾವಲಿನ ಅಜ್ಜ. ಅಕ್ಕಲಕೋಟೆ ಮಹಾರಾಷ್ಟ್ರದಲ್ಲಿದ್ದರೂ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ಅಜ್ಜನದೂ ಅಷ್ಟೇ. ಅವರ ಕನ್ನಡ ನನಗೆ ಪೂರ್ತಿ ಅರ್ಥವಾಗಲು ಒಂದು ವರ್ಷ ಹಿಡಿಯಿತು, ನನ್ನ ಮಂಗಳೂರು ಕನ್ನಡಕ್ಕೆ ಅವರು ಈಗಲೂ ನಗುತ್ತಾರೆ.

ಮೊದಲು ಬಂದವಳು ರಾಣಿ, 2019ರಲ್ಲಿ. ಉದ್ದ ಕಾಲು, ಸಣ್ಣ ಸೊಂಟ, ಚೂಪು ಮುಖದ ಬೇಟೆನಾಯಿ. ನಮ್ಮ ಕರ್ನಾಟಕದವರು ಮುಧೋಳ ನಾಯಿ ಎನ್ನುತ್ತೇವೆ, ಮಹಾರಾಷ್ಟ್ರದವರು ಕಾರವಾನಿ ಎನ್ನುತ್ತಾರೆ. ಹೆಸರು ಎರಡಾದರೂ ತಳಿ ಹೆಚ್ಚುಕಡಿಮೆ ಒಂದೇ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳದ್ದೂ ಇತ್ತು. ರಾಣಿಯನ್ನು ಸಾಕಿದ್ದ ಮರಾಠಿ ಮಾತಿನ ಕುರುಬನೊಬ್ಬ ಕುರಿಗಳನ್ನೆಲ್ಲ ಮಾರಿ, ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋಗುವಾಗ ಅವಳನ್ನು ನಮ್ಮ ಗೇಟಿನಲ್ಲಿ ಬಿಟ್ಟುಹೋದ. ಆಗ ಅವಳಿಗೆ ಎರಡು ವರ್ಷ ಇರಬಹುದು. ಆತ ಹೋದ ದಿಕ್ಕಿಗೆ ಮುಖಮಾಡಿ ಅವಳು ಮೂರು ದಿನ ಏನೂ ತಿನ್ನಲಿಲ್ಲ.

ಎರಡನೆಯವಳು ಕರಿ, 2020ರ ಮಳೆಗಾಲದಲ್ಲಿ ಸಿಕ್ಕವಳು. ಕೊರೋನಾದಿಂದ ಮಹಾರಾಷ್ಟ್ರದ ದೇವಸ್ಥಾನಗಳೆಲ್ಲ ಮುಚ್ಚಿದ್ದವು. ಜನ ಇಲ್ಲ, ಹೋಟೆಲಿಲ್ಲ, ಬೀದಿನಾಯಿಗಳಿಗೆ ಎಂಜಲೂ ಇಲ್ಲ. ನನ್ನ ಕಾಯಿಗಳು ಗೋಣಿಯಲ್ಲೇ ಮೊಳಕೆಯೊಡೆಯುತ್ತಿದ್ದವು. ಚರಂಡಿಯ ಪಕ್ಕ ಸಿಕ್ಕ ಕಪ್ಪು ಕುನ್ನಿಯೊಂದನ್ನು ಅಜ್ಜ ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ತಿನ್ನಿಸಿ ಬದುಕಿಸಿದರು. ರಾಣಿ ಮರಿಯನ್ನು ಮೂಸಿದಳು, ನೆಕ್ಕಿದಳು, ಬಾಲ ಎಳೆಯಲು ಬಿಟ್ಟಳು. ಒಂದೂವರೆ ವರ್ಷ ಎರಡೂ ಒಂದೇ ನೆರಳಲ್ಲಿ ಮಲಗಿದವು.

2022ರ ಫೆಬ್ರವರಿಯಲ್ಲಿ ಮೊದಲ ಜಗಳ. ಬಿದ್ದಿದ್ದ ಒಂದು ತುಂಡು ರೊಟ್ಟಿಗೆ. ಎರಡನೆಯದು ಹತ್ತು ದಿನದ ನಂತರ, ನಾನು ಗೇಟು ತೆರೆದು ಒಳಗೆ ಬಂದಾಗ, ಯಾರು ಮೊದಲು ನನ್ನ ಹತ್ತಿರ ಬರುವುದು ಎಂಬುದಕ್ಕೆ. ಮೂರನೆಯದಕ್ಕೆ ಕಾರಣವೇ ಕಾಣಲಿಲ್ಲ. ನಾಯಿಜಗಳ ಎಂದರೆ ಬೊಗಳಾಟ ಎಂದುಕೊಂಡವರಿಗೆ ಇದು ಅರ್ಥವಾಗುವುದಿಲ್ಲ. ಕೊಲ್ಲುವ ಜಗಳದಲ್ಲಿ ಸದ್ದು ಕಡಿಮೆ. ಹಿಡಿದದ್ದನ್ನು ಬಿಡುವುದಿಲ್ಲ. ಮಾರ್ಚಿನಲ್ಲಿ ಅಜ್ಜ ನಡುವೆ ಕೈ ಹಾಕಿ ಕರಿಯ ಕೊರಳಪಟ್ಟಿ ಹಿಡಿದರು. ಅವರ ಮುಂಗೈ ಸೀಳಿತು. ಯಾವುದು ಕಚ್ಚಿತು ಎಂದು ಅವರಿಗೂ ಗೊತ್ತಿಲ್ಲ, ನಾಯಿಗಳಿಗೂ ಗೊತ್ತಿರಲಿಕ್ಕಿಲ್ಲ. ಎರಡಕ್ಕೂ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸುತ್ತಿದ್ದೆವು. ಆದರೂ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಓಡಿದೆವು. ಅಂದು ಒಂದು, ಮತ್ತೆ 3, 7, 28ನೆಯ ದಿನ ಚುಚ್ಚುಮದ್ದು.

ಅಲ್ಲಿಂದ ಸಲಹೆಗಳು ಶುರುವಾದವು. ಲೋಡಿಂಗ್ ಹುಡುಗರು ಹೇಳಿದ್ದು, ‘ಒಂದನ್ನು ಗೋಣಿಗೆ ಹಾಕಿ ಸ್ಟೇಷನ್ ಹತ್ತಿರ ಬಿಟ್ಟು ಬರೋಣ.’ ಅಕ್ಕಲಕೋಟ್ ರೋಡ್ ಸ್ಟೇಷನ್ ಊರಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ನಾಯಿ ಹಿಂದೆ ಬರುವುದಿಲ್ಲ ಎಂಬ ಲೆಕ್ಕ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬದಿಗಿರಲಿ, ಅಲ್ಲಿನ ಬೀದಿನಾಯಿಗಳ ಗುಂಪು ಹೊಸ ನಾಯಿಯನ್ನು ಎರಡು ದಿನ ಬದುಕಗೊಡುವುದಿಲ್ಲ. ಒಮ್ಮೆ ಗೇಟಿನಲ್ಲಿ ಬಿಡಲ್ಪಟ್ಟ ರಾಣಿಯನ್ನು ಇನ್ನೊಮ್ಮೆ ಬಿಡುವುದು ನನ್ನಿಂದಾಗದು. ಕರಿಯನ್ನು ಕಳಿಸಿದರೆ ಅಜ್ಜನೂ ಹೊರಡುತ್ತಾರೆ. ಅವರು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಪಟ್ಟಿ ಕಟ್ಟಿದ ಕೈಯಲ್ಲೇ ಕರಿಗೆ ರೊಟ್ಟಿ ಮುರಿದು ಹಾಕುತ್ತಾ, ‘ಅದಕ್ಕೇನ್ ತಿಳಿತೈತ್ರಿ’ ಎಂದಷ್ಟೇ ಹೇಳಿದರು.

ಇನ್ನೊಂದು ಸಲಹೆ ಎಲ್ಲ ಕಡೆಯಿಂದಲೂ ಬಂತು. ‘ಜಗಳ ಆಡಲಿ ಬಿಡಿ. ಒಂದು ಗೆಲ್ಲುತ್ತದೆ, ಅದೇ ಯಜಮಾನ. ಆಮೇಲೆ ಶಾಂತಿ.’ ಈ ನಂಬಿಕೆಗೆ ಒಂದು ಇತಿಹಾಸವಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ಅವು ಹೋರಾಡಿ ಮೇಲು-ಕೀಳು ತೀರ್ಮಾನಿಸಿಕೊಳ್ಳುತ್ತವೆ ಎಂದು ಬರೆದರು. ಅವು ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಈ ವಿಚಾರವನ್ನು ಜಗತ್ತಿಗೆಲ್ಲ ಮುಟ್ಟಿಸಿದರು. ಆಮೇಲೆ ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ತೋಳದ ಗುಂಪು ಎಂದರೆ ತಂದೆ ತಾಯಿ ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಯುದ್ಧ ನಡೆಯುವುದಿಲ್ಲ ಎಂದು 1999ರಲ್ಲಿ ಬರೆದರು. ಹಳೆಯ ಪುಸ್ತಕ ಮುದ್ರಿಸುವುದನ್ನು ನಿಲ್ಲಿಸಿ ಎಂದು ಪ್ರಕಾಶಕರನ್ನೂ ಕೇಳಿಕೊಂಡರು. ಬರೆದವರೇ ಕೈಬಿಟ್ಟ ಮಾತು ನಮ್ಮ ಅಂಗಳಗಳಲ್ಲಿ ಇನ್ನೂ ಓಡಾಡುತ್ತಿದೆ. ಎರಡು ಹೆಣ್ಣುನಾಯಿಗಳನ್ನು ಹೋರಾಡಲು ಬಿಟ್ಟರೆ ಸಿಗುವುದು ಒಬ್ಬ ಯಜಮಾನಿ ಅಲ್ಲ, ಒಂದು ಹೆಣ.

ಎರಡನ್ನೂ ಬೇರೆ ಬೇರೆ ದಿನ ಟೆಂಪೋದಲ್ಲಿ ಸೊಲ್ಲಾಪುರದ ಪಶುವೈದ್ಯರೊಬ್ಬರ ಬಳಿ ತೋರಿಸಿದೆ. ಅವರು ಜಗಳದ ಕತೆ ಕೇಳುವ ಮೊದಲು ರಾಣಿಯ ಮೈಯೆಲ್ಲ ಒತ್ತಿ ನೋಡಿದರು. ಎಡಗಿವಿ ಮುಟ್ಟಿದ ಕೂಡಲೇ ಅವಳು ಗುರ್ ಎಂದಳು. ಒಳಗಿವಿಯಲ್ಲಿ ಸೋಂಕು, ಹೊರಗೆ ಏನೂ ಕಾಣುತ್ತಿರಲಿಲ್ಲ. ಕಿವಿ ನೋಯುವವಳ ಮುಖದ ಹತ್ತಿರ ಇನ್ನೊಂದು ನಾಯಿ ಬಂದರೆ ಅವಳು ಸಹಿಸುವುದಿಲ್ಲ. ನಾಯಿಯ ಸ್ವಭಾವ ಇದ್ದಕ್ಕಿದ್ದ ಹಾಗೆ ಬದಲಾದರೆ ಮೊದಲು ನೋವು ಹುಡುಕಬೇಕು ಎಂದರು. ಕಿವಿ, ಹಲ್ಲು, ಸೊಂಟ, ಕೀಲು.

ಆಮೇಲೆ ಕರಿಯ ಸರದಿ. ಬೀದಿಯ ಕುನ್ನಿಯಾದರೂ ಅವಳಿಗೆ ಈಗ ಎರಡು ವರ್ಷ ಹತ್ತಿರ. ನಾಯಿ ಮೈಯಲ್ಲಿ ಬೆಳೆಯುವುದು ಬೇಗ, ಬುದ್ಧಿಯಲ್ಲಿ ಬಲಿಯುವುದು ಒಂದರಿಂದ ಮೂರು ವರ್ಷದೊಳಗೆ. ಮರಿ ಎಂದು ಸಹಿಸಿಕೊಂಡದ್ದನ್ನು ದೊಡ್ಡ ನಾಯಿ ಆಗ ಸಹಿಸುವುದಿಲ್ಲ, ಮರಿಯೂ ಮೊದಲಿನ ಹಾಗೆ ತಲೆ ತಗ್ಗಿಸುವುದಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯರು ಒಂದೇ ಮನೆಯಲ್ಲಿ ಕಾದಾಡುವ 38 ಜೋಡಿ ನಾಯಿಗಳ ಬಗ್ಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದರಲ್ಲಿ ನಾಲ್ಕರಷ್ಟು ಜೋಡಿಗಳು ಒಂದೇ ಲಿಂಗದವು. ಜಗಳ ತೆಗೆಯುವುದು ಹೆಚ್ಚಾಗಿ ಕಿರಿಯದು, ಅಥವಾ ಮನೆಗೆ ಆಮೇಲೆ ಬಂದದ್ದು. ಕಾರಣಗಳ ಪಟ್ಟಿಯಲ್ಲಿ ಯಜಮಾನನ ಗಮನ, ಅನ್ನ, ಉದ್ವೇಗ, ನೆಲದಲ್ಲಿ ಸಿಕ್ಕ ವಸ್ತು. ಇದನ್ನು ಓದಿದಾಗ ನಮ್ಮ ಅಂಗಳದ ವರದಿಯನ್ನೇ ಓದಿದ ಹಾಗಾಯಿತು.

ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಇದರಿಂದ ಜಗಳ ಮಾಯವಾಗುವುದಿಲ್ಲ, ಬೆದೆಗೆ ಬರುವ ವಾರಗಳ ಬಿಸಿ ಮಾತ್ರ ತಪ್ಪುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಉಳಿದದ್ದು ನಿಮ್ಮ ಕೈಯಲ್ಲಿದೆ ಎಂದರು.

ಆ ದಿನಗಳಲ್ಲಿ ಉಮ್ಮ ಊರಿನಿಂದ ಬಂದು ನಮ್ಮ ಜೊತೆ ಸೊಲ್ಲಾಪುರದಲ್ಲಿದ್ದರು. ರಾಣಿಯನ್ನು ಸೊಲ್ಲಾಪುರದ ಮನೆಗೆ ತಂದರೆ ಹೇಗೆ ಎಂಬ ಮಾತು ಬಂತು. ಮೂರನೆಯ ಮಹಡಿ, ಎರಡು ಕೋಣೆ, ಉಮ್ಮನ ನಿಸ್ಕಾರದ ಚಾಪೆ, ಬಟ್ಟೆ ಪಾತ್ರೆಗಳ ಏಳು ಸಲದ ತೊಳೆತ. ಸಾಧ್ಯವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾಯಿಯೆಂದರೆ ಎರಡು ಮಾರು ದೂರ ನಿಲ್ಲುವ ಉಮ್ಮ ಸುಮ್ಮನೆ ಕೇಳಿಸಿಕೊಂಡು, ತಮ್ಮ ಮದುವೆಯಾದ ಹೊಸತರ ಕತೆ ತೆಗೆದರು. ಒಂದೇ ಅಡುಗೆಮನೆಯಲ್ಲಿ ಮೂವರು ಸೊಸೆಯಂದಿರು. ದಿನಾ ಕಣ್ಣೀರು. ಅಜ್ಜಿ ಯಾರಿಗೂ ಬುದ್ಧಿ ಹೇಳಲಿಲ್ಲವಂತೆ. ಹಿಂದಿನ ಜಗಲಿಯಲ್ಲಿ ಇನ್ನೊಂದು ಒಲೆ ಹಾಕಿಸಿದರಂತೆ. ‘ಪ್ರೀತಿ ಆಮೇಲೆ ಬಂತೋ ಇಲ್ಲವೋ ಗೊತ್ತಿಲ್ಲ, ಅಳು ಮಾತ್ರ ನಿಂತಿತು’ ಎಂದರು ಉಮ್ಮ.

ಅಲ್ಲಿಂದ ಮುಂದೆ ನಮ್ಮ ಗುರಿ ಚಿಕ್ಕದಾಯಿತು. ರಾಣಿ ಮತ್ತು ಕರಿ ಸ್ನೇಹಿತೆಯರಾಗಬೇಕಿಲ್ಲ. ಅವುಗಳಿಗೆ ಜಗಳವಾಡುವ ಅಗತ್ಯ ಬೀಳಬಾರದು, ಅಷ್ಟೇ.

ಅಂಗಳವನ್ನು ನಡುವೆ ಬಿದಿರಿನ ತಡಿಕೆ, ತಗಡು ಹಾಕಿ ಎರಡು ಮಾಡಿದೆವು. ಗೇಟಿನೊಳಗೆ ಇನ್ನೊಂದು ಗೇಟು, ಎರಡಕ್ಕೂ ಬೇರೆ ಬೇರೆ ಅಗಳಿ. ಊಟ ತಡಿಕೆಯ ಎರಡು ಬದಿಯಲ್ಲಿ, ಒಬ್ಬರಿಗೊಬ್ಬರು ಕಾಣದ ಹಾಗೆ. ಹದಿನೈದು ನಿಮಿಷದಲ್ಲಿ ಬಟ್ಟಲು ಎತ್ತಿ ತೊಳೆದು ಒಳಗಿಡುವುದು. ಎಲುಬು, ರೊಟ್ಟಿಯ ಚೂರು, ಒಡೆದ ಕಾಯಿಯ ಹೋಳು ನೆಲದಲ್ಲಿ ಉಳಿಯಬಾರದು. ತೆಂಗಿನಕಾಯಿ ಗೋದಾಮಿನಲ್ಲಿ ಇದು ಸುಲಭದ ಮಾತಲ್ಲ. ನೀರಿನ ಪಾತ್ರೆಯೂ ಎರಡು, ನೆರಳೂ ಎರಡು. ಮೇ ತಿಂಗಳ ಸೊಲ್ಲಾಪುರ ಸೀಮೆಯ 43-44 ಡಿಗ್ರಿಯಲ್ಲಿ ಒಂದೇ ಮರದ ನೆರಳಿಗೆ ಮನುಷ್ಯರೇ ಜಗಳವಾಡುತ್ತಾರೆ.

ನಾನು ಬರುವ ಹೊತ್ತು ದೊಡ್ಡ ಸಮಸ್ಯೆಯಾಗಿತ್ತು. ಬೈಕಿನ ಸದ್ದಿಗೇ ಎರಡೂ ಹುಚ್ಚೆದ್ದು ಗೇಟಿಗೆ ಬರುತ್ತಿದ್ದವು. ಈಗ ನಾನು ಬಂದ ಮೇಲೆ ಹತ್ತು ನಿಮಿಷ ಯಾವುದನ್ನೂ ಮಾತಾಡಿಸುವುದಿಲ್ಲ. ಲೆಕ್ಕದ ಪುಸ್ತಕ ನೋಡುತ್ತೇನೆ. ಅವು ತಣ್ಣಗಾದ ಮೇಲೆ ಒಂದೊಂದರ ಬದಿಗೆ ಹೋಗುತ್ತೇನೆ. ಒಂದು ವಾರ ಒಂದರ ಬದಿಗೆ ಮೊದಲು, ಮರುವಾರ ಇನ್ನೊಂದರ ಬದಿಗೆ.

ಅಜ್ಜನಿಗೂ ಹುಡುಗರಿಗೂ ಜಗಳದ ಮುನ್ಸೂಚನೆಗಳನ್ನು ತೋರಿಸಿಕೊಟ್ಟೆವು. ಮೈ ಕಲ್ಲಿನ ಹಾಗೆ ಬಿಗಿಯುವುದು, ಬಾಯಿ ಮುಚ್ಚುವುದು, ತಲೆ ಅಲುಗಿಸದೆ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇನ್ನೊಂದರ ಹೆಗಲ ಮೇಲೆ ಗದ್ದ ಇಡುವುದು. ಗುರ್ ಎಂದಾಗ ಹೊಡೆಯಬಾರದು. ಗುರ್ ಎನ್ನುವುದು ಲಾರಿಯ ಹಾರ್ನ್ ಇದ್ದ ಹಾಗೆ. ಹಾರ್ನ್ ಕಿತ್ತುಹಾಕಿದರೆ ಲಾರಿ ನಿಲ್ಲುವುದಿಲ್ಲ, ಸದ್ದಿಲ್ಲದೆ ಬಂದು ಹೊಡೆಯುತ್ತದೆ. ಜಗಳ ಹತ್ತಿಯೇಬಿಟ್ಟರೆ ನಡುವೆ ಕೈ ಬೇಡ. ಗೋಡೆಗೆ ಒರಗಿಸಿಟ್ಟ ತಗಡು ನಡುವೆ ತೂರಿಸುವುದು, ಬಕೆಟ್ ನೀರು ಎರಚುವುದು. ಅದೂ ಆಗದಿದ್ದರೆ ಇಬ್ಬರು ಏಕಕಾಲಕ್ಕೆ ಹಿಂಗಾಲುಗಳನ್ನು ಹಿಡಿದೆತ್ತಿ, ಗಾಡಿ ಎಳೆದ ಹಾಗೆ ಹಿಂದಕ್ಕೆ ಎಳೆಯುವುದು.

ಇಷ್ಟು ಮಾಡಿದ್ದು ಬೇಲಿಯ ಕೆಲಸ. ಕಲಿಕೆಯ ಕೆಲಸ ನಿಧಾನದ್ದು. ಬೆಳಿಗ್ಗೆ ಆರರೊಳಗೆ ಅಜ್ಜ ಕರಿಯನ್ನು, ಲೋಡಿಂಗ್ ಹುಡುಗನೊಬ್ಬ ರಾಣಿಯನ್ನು ಹಗ್ಗ ಹಿಡಿದು ಊರಾಚೆಯ ತೊಗರಿ ಹೊಲಗಳ ಬದಿಗೆ ನಡೆಸಿಕೊಂಡು ಹೋಗುತ್ತಿದ್ದರು. ಮೊದಲು ರಸ್ತೆಯ ಆ ಬದಿ ಒಂದು, ಈ ಬದಿ ಒಂದು. ಎದುರುಬದುರಾಗದೆ, ಒಂದೇ ದಿಕ್ಕಿಗೆ. ಒಂದು ಇನ್ನೊಂದನ್ನು ನೋಡಿ ಸುಮ್ಮನಿದ್ದರೆ ಕೂಡಲೇ ಬಾಯಿಗೆ ಒಂದು ತುಂಡು. ಮೈ ಬಿಗಿದರೆ ಬೈಗುಳವಿಲ್ಲ, ದೂರ ಹೆಚ್ಚಿಸುವುದು. ವಾರಕ್ಕೆ ಒಂದೆರಡು ಹೆಜ್ಜೆಯಷ್ಟು ಹತ್ತಿರ. ‘ಎಷ್ಟು ದಿನ ಹಿಂಗರಿ?’ ಎಂದು ಅಜ್ಜ ಕೇಳುತ್ತಿದ್ದರು. ನನ್ನಲ್ಲಿ ಉತ್ತರ ಇರಲಿಲ್ಲ.

ಒಂದು ಅನುಕೂಲ ಮಾತ್ರ ಈ ಗಡಿ ಸೀಮೆಯೇ ಕೊಟ್ಟದ್ದು. ರಾಣಿ ಕುರುಬನ ಹತ್ತಿರ ಮರಾಠಿಯಲ್ಲಿ ಬೆಳೆದವಳು. ‘ಬಸ್’ ಎಂದರೆ ಕೂರುತ್ತಾಳೆ, ‘ಇಕಡೆ ಯೇ’ ಎಂದರೆ ಬರುತ್ತಾಳೆ. ಕರಿ ಅಜ್ಜನ ಕನ್ನಡದವಳು, ‘ಕುಂದ್ರು’, ‘ಬಾ ಇಲ್ಲಿ’. ಎರಡು ನಾಯಿ ಇರುವ ಮನೆಯಲ್ಲಿ ಒಂದನ್ನು ಕರೆದರೆ ಎರಡೂ ಓಡಿಬಂದು ಡಿಕ್ಕಿ ಹೊಡೆಯುವುದೇ ಅರ್ಧ ಜಗಳಕ್ಕೆ ಮೂಲ. ನಮಗೆ ಆ ತೊಂದರೆ ಇರಲಿಲ್ಲ. ಒಂದಕ್ಕೆ ಮರಾಠಿಯಲ್ಲಿ ಹೇಳಿದರೆ ಇನ್ನೊಂದು ತನಗಲ್ಲ ಎಂದು ಮಲಗಿರುತ್ತದೆ. ಪ್ರತಿಯೊಂದಕ್ಕೂ ಒಂದು ಖಾಲಿ ಗೋಣಿ ಕೊಟ್ಟು, ತನ್ನ ಮಾತು ಕೇಳಿದ ಕೂಡಲೇ ತನ್ನ ಗೋಣಿಯ ಮೇಲೆ ಹೋಗಿ ಕೂತರೆ ರೊಟ್ಟಿ ಎಂದು ಕಲಿಸಿದೆವು. ದಿನಕ್ಕೆ ಮೂರು ಸಲ, ಐದೈದು ನಿಮಿಷ, ಏಳು ತಿಂಗಳು. ಎರಡು ಭಾಷೆಗಾಗಿ ದೊಡ್ಡವರು ಕಾದಾಡಿದ ಜಾಗದಲ್ಲಿ ಎರಡು ಭಾಷೆಯೇ ನಾಯಿಗಳ ಕಾದಾಟ ತಪ್ಪಿಸಿತು ಎಂದು ಅಜ್ಜ ಊರಿನವರಿಗೆಲ್ಲ ಹೇಳಿಕೊಂಡು ನಗುತ್ತಾರೆ.

ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿದದ್ದು ಆ ವರ್ಷದ ದೀಪಾವಳಿಯ ರಾತ್ರಿ. ಲಾರಿ ಬಂದಿತ್ತು. ಹೊಸ ಹುಡುಗನೊಬ್ಬ ಗೋಣಿ ಹೊತ್ತು ಬರುವಾಗ ಎರಡೂ ಗೇಟು ತೆರೆದುಬಿಟ್ಟ. ಪಕ್ಕದ ಬೀದಿಯಲ್ಲಿ ಪಟಾಕಿಯ ಸರ ಸಿಡಿಯಿತು. ಬೆದರಿದ ಎರಡೂ ನಾಯಿಗಳು ಓಡಿಬಂದು ಅಂಗಳದ ನಡುವೆ ಎದುರಾದವು. ನಡುವೆ ಎರಡು ಮೊಳ ಜಾಗವಿಲ್ಲ. ಕರಿಯ ಬೆನ್ನ ಕೂದಲು ನಿಂತಿತು. ರಾಣಿಯ ಬಾಯಿ ಮುಚ್ಚಿತು. ಹುಡುಗ ಗೋಣಿ ಹೊತ್ತೇ ಕಲ್ಲಾಗಿ ನಿಂತಿದ್ದ. ಅಜ್ಜ ಎದ್ದೂ ಏಳದೆ, ಎಂದಿನ ದನಿಯಲ್ಲಿ ‘ಕರೀ, ಕುಂದ್ರು’ ಎಂದರು. ಅದೇ ಉಸಿರಿಗೆ ನಾನು ‘ರಾಣಿ, ಇಕಡೆ ಯೇ’ ಎಂದೆ. ಒಂದು ಕ್ಷಣ ಎರಡೂ ಕದಲಲಿಲ್ಲ. ಆಮೇಲೆ ರಾಣಿ ಮುಖ ತಿರುಗಿಸಿದಳು. ಕರಿ ತನ್ನ ಗೋಣಿಯತ್ತ ನಡೆದಳು. ಗೇಟು ಹಾಕುವಾಗ ಅಜ್ಜನ ಕೈ ನಡುಗುತ್ತಿತ್ತು. ನನ್ನದೂ.

ಈಗ ರಾಣಿಗೆ ವಯಸ್ಸಾಗಿದೆ. ಬೆಳಗಿನ ನಡಿಗೆಯಲ್ಲಿ ಎರಡೂ ಒಂದೇ ಬದಿಯಲ್ಲಿ, ನಾಲ್ಕೈದು ಹೆಜ್ಜೆ ಅಂತರದಲ್ಲಿ ಹೋಗುತ್ತವೆ. ಚಳಿಗಾಲದಲ್ಲಿ ತಡಿಕೆಯ ಎರಡು ಬದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತವೆ, ನಡುವೆ ಬಿದಿರು. ತಡಿಕೆ ತೆಗೆಯಿರಿ, ಈಗ ಸರಿಹೋಗಿವೆ ಎಂದು ಬಂದವರು ಹೇಳುತ್ತಾರೆ. ನಾವು ತೆಗೆಯುವುದಿಲ್ಲ. ಸರಿಹೋಗಿರುವುದು ತಡಿಕೆ ಇರುವುದರಿಂದ.

ಎಲ್ಲ ಮನೆಗಳಲ್ಲೂ ಹೀಗಾಗುತ್ತದೆ ಎಂದು ನಾನು ಹೇಳಲಾರೆ. ಪುಟ್ಟ ಮಕ್ಕಳಿರುವ ಮನೆ, ಎರಡು ಮಾಡಲು ಜಾಗವಿಲ್ಲದ ಅಂಗಳ, ಪ್ರತಿ ಸಲವೂ ಹೊಲಿಗೆ ಬೀಳುವಷ್ಟು ಗಾಯ, ಹೆದರಿ ಮೂಲೆಯಿಂದ ಏಳದ ನಾಯಿ, ಇವಿದ್ದರೆ ಒಂದನ್ನು ಗೊತ್ತಿರುವ ಒಳ್ಳೆಯ ಕೈಗೆ ಒಪ್ಪಿಸುವುದೇ ಅದರ ಮೇಲಿನ ಕರುಣೆ. ಒಪ್ಪಿಸುವುದು ಬೇರೆ, ಬಿಟ್ಟುಬರುವುದು ಬೇರೆ.

ಊರಿಗೆ ಹಿಂದಿರುಗುವ ಮೊದಲು ಉಮ್ಮ ಒಮ್ಮೆ ಗೋದಾಮಿಗೆ ಬಂದಿದ್ದರು. ಗೇಟಿನ ಹೊರಗೇ ಕುರ್ಚಿ ಹಾಕಿಸಿಕೊಂಡು ಕೂತು, ಸೆರಗು ಬಿಗಿಯಾಗಿ ಹಿಡಿದುಕೊಂಡು, ಎರಡು ನಾಯಿಗಳು ಎರಡು ಬದಿಯಲ್ಲಿ ಉಣ್ಣುವುದನ್ನು ಪೂರ್ತಿ ನೋಡಿದರು. ಏನೂ ಹೇಳಲಿಲ್ಲ. ಊರಿನಿಂದ ಈಗಲೂ ಫೋನು ಮಾಡಿದಾಗ ಮೊದಲು ಮಕ್ಕಳನ್ನು ಕೇಳುತ್ತಾರೆ, ಆಮೇಲೆ ಕಾಯಿಯ ದರ ಕೇಳುತ್ತಾರೆ, ಇಡುವ ಮೊದಲು ಕೇಳುತ್ತಾರೆ: ‘ಒಲೆ ಎರಡೂ ಉರಿಯುತ್ತಿವೆಯಾ?’